ಮಂಗಳ ಹಾಡಿದ ಮೇಲೆ ಇನ್ನೊಂದು ಬದಿ

ಪಾರ್ಸೆಲ್ ಬಂದಾಗ ಗುರುನಾಥ ಅಂಗಡಿಯ ಕಟ್ಟೆಯ ಮೇಲೆ ಕೂತು ಒಡೆದ ಹಾರ್ನ್ ಸ್ಪೀಕರಿಗೆ ಎಂಸೀಲ್ ಮೆತ್ತುತ್ತಿದ್ದ. ಕೈಯೆಲ್ಲ ಅಂಟು. ಕೊರಿಯರಿನವನು ಸಹಿ ಮಾಡ್ರಿ ಅಂದರೆ ಪೆನ್ನು ಬೆರಳಿಗೇ ಅಂಟಿಕೊಂಡಿತು. ಹಲ್ಲಿನಿಂದ ಟೇಪು ಕಿತ್ತು ಒಳಗಿಂದ ಎರಡು ಕರಿ ತಟ್ಟೆ ತೆಗೆದ. ನಡುವಿನ ಚೀಟಿ ಬರೀ ಬಿಳಿ, ಹೆಸರಿಲ್ಲ ಊರಿಲ್ಲ. ಆದರೂ ಅದೇನೆಂದು ಅವನಿಗೆ ಗೊತ್ತಿತ್ತು. ಇಪ್ಪತ್ತೆರಡರ ವಯಸ್ಸಿನಲ್ಲಿ ಗಂಟಲು ಹರಿಯುವಂತೆ ಕೂಗಿ ರೆಕಾರ್ಡ್ ಮಾಡಿದ್ದ ಹಾಡುಗಳು ಈಗ, ಹಣೆಯ ಕೂದಲು ಹಿಂದೆ ಸರಿದ ಮೇಲೆ, ಪ್ಲೇಟ್ ಆಗಿ ಬಂದಿದ್ದವು.

ಖುಷಿ ಕೈ ತೊಳೆದುಕೊಂಡು ಬರುವಷ್ಟು ಹೊತ್ತು ಇತ್ತು. ಆಮೇಲೆ ಹೊಳೆಯಿತು: ಇದನ್ನು ಹಾಕುವುದು ಯಾವುದರ ಮೇಲೆ?

ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಆ ಮೈಕ್ ಸೆಟ್ ಅಂಗಡಿಯಲ್ಲಿ ಏನುಂಟು ಏನಿಲ್ಲ! ಮದುವೆ ಮೆರವಣಿಗೆಯ ಡಾಲ್ಬಿ ಇದೆ, ಇಲೆಕ್ಷನ್ನಿನ ಹಾರ್ನುಗಳಿವೆ, ಸತ್ತವರ ಮನೆಯ ಭಜನೆಗೆ ಕೊಡುವ ಸಣ್ಣ ಬಾಕ್ಸು ಕೂಡ ಇದೆ. ಇಲ್ಲದ್ದು ಒಂದೇ, ರೆಕಾರ್ಡ್ ಪ್ಲೇಯರ್. ಹಳೆಯ ಮಾಲೀಕರ ಕಾಲದಲ್ಲಿ ಎರಡಿದ್ದವು. ಅಂಗಡಿ ತನ್ನ ಕೈಗೆ ಬಂದ ವರ್ಷ ಗುರುನಾಥನೇ ಎರಡನ್ನೂ ಗುಜರಿಗೆ ಹಾಕಿ ಆ ಜಾಗದಲ್ಲಿ ಏರ್ ಕೂಲರ್ ಇಟ್ಟಿದ್ದ. ಈಗ ಕೂಲರಿಗೊಂದು ಒದ್ದ. ಅದು ಇನ್ನೂ ಜೋರಾಗಿ ಗರಗರ ಅಂದಿತು.

ಪುಣೆಯ ಸಣ್ಣ ಕಂಪನಿಯ ಹುಡುಗ ಆಕಾಶ ಫೋನ್ ಮಾಡಿದ. ಮೂಲ ಬೆಳಗಾವಿಯವನು, ಮಾತಿನಲ್ಲಿ ಅರ್ಧ ಮರಾಠಿ. ಈ ಹಾಡುಗಳನ್ನು ಎಲ್ಲಿಂದಲೋ ಹುಡುಕಿ ತೆಗೆದು ಪ್ಲೇಟ್ ಮಾಡುತ್ತೇನೆಂದು ಬೆನ್ನು ಬಿದ್ದವನು ಅವನೇ.

"ಗುರುನಾಥಣ್ಣಾ, ಅವೆರಡೂ ಒಂದ ಪ್ಲೇಟಿನ ಟೆಸ್ಟ್ ಕಾಪಿ. ಪೂರಾ ಕೇಳಿ ಓಕೆ ಅನ್ರಿ. ಆಮ್ಯಾಲ ಕಾರ್ಖಾನ್ಯಾಗ ಉಳದದ್ದೆಲ್ಲಾ ಒತ್ತತಾರ. ಸೋಮವಾರ ಸಂಜಿ ತನಕಾ ಟೈಮ್ ಐತಿ ನೋಡ್ರಿ."

"ಆತಪಾ," ಅಂದ ಗುರುನಾಥ. ಕೇಳಲು ಮಷೀನಿಲ್ಲ ಎಂದು ಹೇಳುವುದಕ್ಕೆ ನಾಲಿಗೆ ಬರಲಿಲ್ಲ. ಮೈಕ್ ಸೆಟ್ಟಿನವನು ಹಾಗೆ ಹೇಳುವುದು ಹೇಗೆ?

ಆದರೆ ಅವನ ತಲೆಯಲ್ಲಿದ್ದದ್ದು ಆಕಾಶನ ಸೋಮವಾರವಲ್ಲ. ತಲೆಯಲ್ಲಿದ್ದವನು ಅಪ್ಪ.

ಅಪ್ಪ ಶಂಕರೆಪ್ಪ ದೊಡವಾಡದ ಭಜನಾ ಮೇಳದ ಹಿರಿಯ. ಗುರುನಾಥ ಚಡ್ಡಿ ಹಾಕುವ ವಯಸ್ಸಿನಿಂದಲೇ ಅಪ್ಪನ ಮೊಣಕಾಲ ಪಕ್ಕ ಕೂತು ತಾಳ ಕುಟ್ಟಿದವನು, ಮೀಸೆ ಬರುವ ಹೊತ್ತಿಗೆ ದಮ್ಮಡಿ ಬಾರಿಸಿದವನು. ಭಜನೆಯಲ್ಲಿ ಅವನಿಗೆ ಎಲ್ಲಕ್ಕಿಂತ ಇಷ್ಟವಾಗುತ್ತಿದ್ದದ್ದು ಹಾಡಿನ ಕೊನೆಯ ಅರ್ಧ ನಿಮಿಷ. ತಾಳ ಏರಿ, ಏರಿ, ಹಾಡುವವರ ಕುತ್ತಿಗೆಯ ನರ ಉಬ್ಬಿ, ಶಬ್ದಗಳೆಲ್ಲ ಒಂದರೊಳಗೊಂದು ಕಲಸಿ ಹೋಗುವ ಆ ಅರ್ಧ ನಿಮಿಷ. ಮುಂದೆ ಧಾರವಾಡದ ಹಾಸ್ಟೆಲಿನಲ್ಲಿ ಯಾರೋ ಹಾರ್ಡ್‌ಕೋರ್ ಪಂಕ್ ಕೇಳಿಸಿದರು. ಒಂದೂವರೆ ನಿಮಿಷದ ಹಾಡು, ಗಿರಣಿಯಂತೆ ಅರೆಯುವ ಗಿಟಾರು, ಹಾಡುವವ ಹಾಡುವುದಿಲ್ಲ, ಬೈಯುತ್ತಾನೆ. ಉಳಿದವರು ಕಿವಿ ಮುಚ್ಚಿಕೊಂಡರು. ಗುರುನಾಥ ಮಾತ್ರ ಎದ್ದು ಕೂತ. ಅರೆ, ಇದು ನಮ್ಮ ಭಜನೆಯ ಕೊನೆಯ ಅರ್ಧ ನಿಮಿಷವೇ! ಇವರು ಸುರುವಿನಿಂದಲೇ ಅಲ್ಲಿ ನಿಂತಿದ್ದಾರೆ, ಅಷ್ಟೇ!

ಹಾಗೆ ಹುಟ್ಟಿತು 'ಬೂದಿ'. ಗಿಟಾರಿಗೆ ಬೈಲಹೊಂಗಲದ ಸಂಘಮಿತ್ರಾ, ಡ್ರಮ್ಮಿಗೆ ಸವದತ್ತಿಯ ಸಂಜು, ಕೂಗುವುದಕ್ಕೆ ಗುರುನಾಥ. ಬೇರೆ ಪಂಕಿನವರು ಸರಕಾರವನ್ನು ಬೈದರೆ ಇವರು ತಮ್ಮನ್ನೇ ಬೈದುಕೊಂಡರು. ಒಳಗೆ ಕೂತವನು ಯಾರು, ಕರೆದರೂ ಯಾಕೆ ಬಾಗಿಲು ತೆಗೆಯುವುದಿಲ್ಲ, ಬೀಗ ಹಾಕಿದವನು ನಾನೇ ಅಲ್ಲವೇ, ಇಂಥವೇ ಎಲ್ಲ. ಆಲ್ಬಮ್ಮಿನ ಹೆಸರು 'ಒಳಗ ಯಾರದಾರ'. ಸೀಸನ್ ಇಲ್ಲದಾಗ ಖಾಲಿ ಬಿದ್ದಿದ್ದ ಹತ್ತಿ ಜಿನ್ನಿನ ಗೋಡೌನಿನಲ್ಲಿ ರೆಕಾರ್ಡ್ ಮಾಡಿದರು. ಹಾಡಿನ ನಡುವೆ ಮೂವರೂ ಸೀನಿದ್ದು ಇವತ್ತಿಗೂ ಅದರಲ್ಲಿ ಕೇಳುತ್ತದೆ. ಕಟ್ಟಕಡೆಯ ಹಾಡು ಮಂಗಳ. ಭಜನೆಯ ಮನೆಯಲ್ಲಿ ಬೆಳೆದವನು ಮಂಗಳವಿಲ್ಲದೆ ಹೇಗೆ ಮುಗಿಸುತ್ತಾನೆ? ಅದೊಂದೇ ನಿಧಾನದ್ದು. ದಮ್ಮಡಿ, ತಾಳ, ದೂರದಲ್ಲಿ ಗುಂಯ್ ಅನ್ನುವ ಗಿಟಾರು.

*ಒಡೆದ ಗಡಿಗೀಗೂ ಮಂಗಳ, ಒದ್ದ ಕಾಲೀಗೂ ಮಂಗಳ...*

ಸಿಡಿ ತೆಗೆದುಕೊಂಡು ದೊಡವಾಡಕ್ಕೆ ಹೋದಾಗ ಅಪ್ಪ ಎತ್ತಿನ ಮೈ ತಿಕ್ಕುತ್ತಿದ್ದ. ಮಗ ಗಣಪತಿ ಪೆಂಡಾಲಿನಲ್ಲಿ ಕೂಗಿ ಒದೆ ತಿನ್ನುವುದರಲ್ಲಿದ್ದ ಸುದ್ದಿ ಮೊದಲೇ ಮುಟ್ಟಿತ್ತು.

"ಭಜನಿ ಅಂದ್ರ ಮಂದಿ ಬಂದು ಕುಂದರಬೇಕು. ನಿನ್ನದು ಕೇಳಿ ಮಂದಿ ಎದ್ದ ಓಡತಾರಂತ."

"ಒಮ್ಮೆ ಕೇಳು ಯಪ್ಪಾ."

"ಇದರಾಗ ಏನೈತೋ? ಇದ ಕನ್ನಡಿ ಗತೆ ಐತಿ, ಮಾರಿ ನೋಡಕೊಳ್ಳಾಕ ಬರತೈತಿ. ಪ್ಲೇಟ್ ಆಗಿ ಬರಲಿ, ಕುಂತ ಕೇಳತೇನಿ."

ಪ್ಲೇಟು ಎಂಬುದೇ ಸತ್ತುಹೋದ ಕಾಲ ಅದು. ಕಾಗೆ ಬೆಳ್ಳಗಾದಾಗ ಬಾ ಅಂದ ಹಾಗೆ ಅಪ್ಪ ಅಂದದ್ದು. ಮುಂದೆ ಬ್ಯಾಂಡ್ ಮುರಿಯಿತು, ಮದುವೆಗಳಾದವು, ಅಪ್ಪ ಮಗ ಇಬ್ಬರೂ ಎತ್ತು, ಮಳೆ, ಬಸ್ಸು ಎಲ್ಲದರ ಬಗ್ಗೆ ಮಾತಾಡಿದರು, ಇದೊಂದರ ಬಗ್ಗೆ ಬಿಟ್ಟು. ಈಗ ಕಾಗೆ ಬೆಳ್ಳಗಾಗಿ ಬಂದು ಅಂಗಡಿಯ ಟೇಬಲ್ಲಿನ ಮೇಲೆ ಕೂತಿತ್ತು. ಶಂಕರೆಪ್ಪ ಆಡಿದ ಮಾತಿಗೆ ತಪ್ಪುವವನಲ್ಲ. ಫೋನಿನಲ್ಲಿ ಪ್ಲೇಟ್ ಬಂತು ಅಂದಾಗ ಆ ಕಡೆಯಿಂದ, "ಹಂಗಾರ ರವಿವಾರ ತಗೊಂಬಾ. ಮೇಳದವ್ರಿಗೆ ಹೇಳತೇನಿ," ಅಂದಿದ್ದ.

ರವಿವಾರದೊಳಗೆ ಮಷೀನು ಬೇಕು.

ಮೊದಲು ಕಿತ್ತೂರು. ಸಂಘಮಿತ್ರಾ ಈಗ ಅಲ್ಲಿ ನರ್ಸ್. ಗಿಟಾರು ಬಾರಿಸುತ್ತಿದ್ದ ಬೆರಳಿಗೆ ಈಗ ಊರ ಮಕ್ಕಳೆಲ್ಲ ಹೆದರುತ್ತಾರೆ. ಅವಳ ಓಣಿಯ ನಿವೃತ್ತ ಮಾಸ್ತರರ ಮನೆಯಲ್ಲಿ ಪ್ಲೇಯರ್ ಇದೆ ಎಂದು ಅವಳೇ ಹೇಳಿದ್ದಳು. ಹೋಗಿ ನೋಡಿದರೆ ಇತ್ತು, ಮುಚ್ಚಳ ತೆರೆದರೆ ಒಳಗೆ ಶ್ಯಾವಿಗೆ ತುಂಬಿಟ್ಟಿದ್ದರು.

"ಮುಳ್ಳು ಎಲ್ಲೈತ್ರಿ ಸರ?"

"ಮೊಮ್ಮಗ ಅದರ್ಲೆ ಗಾಳೀಪಟಕ್ಕ ತೂತ ಹಾಕಿದ್ನಪಾ. ಆಮ್ಯಾಲ ಎಲ್ಲಿ ಒಗದ್ನೋ."

ಹೊರಗೆ ಬಂದಾಗ ಸಂಘಮಿತ್ರಾ ನಕ್ಕು ನಕ್ಕು ಸುಸ್ತಾಗಿದ್ದಳು. "ಲೇ ಗುರ್ಯಾ, ಜಿಲ್ಲಾದಾಗ ಮೈಕ್ ಸೆಟ್ಟಿನ ರಾಜಾ ಅಂತಿ, ಒಂದ ಸೂಜಿ ಸಿಗವಲ್ದು ನಿನಗ. ಬಾ, ನಮ್ಮ ದವಾಖಾನ್ಯಾಗ ಭಾಳ ಅದಾವು, ಒಂದ ಕೊಡತೇನಿ."

"ನಗಬ್ಯಾಡ ಮಿತ್ರಾ. ತಲಿ ಕೆಟ್ಟೈತಿ."

"ನಿಮ್ಮಪ್ಪಗ ಫೋನಿನ್ಯಾಗ ಕೇಳಿಸಿ ಬಿಡೋ ಮಾರಾಯಾ!"

"ಪ್ಲೇಟಿನ್ಯಾಗ ಅಂದಾನ. ಪ್ಲೇಟಿನ್ಯಾಗ ಕೇಳಬೇಕು."

"ಅಪ್ಪ ಒಂದ ಹಟ, ಮಗ ಒಂದ ಹಟ," ಅಂದು ಅವಳು ಡ್ಯೂಟಿಗೆ ಓಡಿದಳು.

ಮರುದಿನ ಸವದತ್ತಿ. ಸಂಜುವಿಗೆ ಅಲ್ಲೊಂದು ಫೋಟೋ ಸ್ಟುಡಿಯೋ. ಮದುವೆಯ ಮೊದಲು ಗಂಡು ಹೆಣ್ಣು ಒರಗಿ ನಿಂತು ಫೋಟೋ ತೆಗೆಸಿಕೊಳ್ಳಲು ಹಿತ್ತಾಳೆಯ ಕೊಳವೆಯ ದೊಡ್ಡ ಗ್ರಾಮೋಫೋನ್ ತಂದಿಟ್ಟಿದ್ದ. "ಖರೇವ ತಿರಗತೈತಿ ದೋಸ್ತ," ಎಂದು ಕೀಲಿ ಸುತ್ತಿಯೇ ಬಿಟ್ಟ. ಗುರುನಾಥ ಹೇಳುತ್ತಲೇ ಇದ್ದ, ಇದು ಅಜ್ಜನ ಕಾಲದ ಮಷೀನು, ಇದರದ್ದು ಉಕ್ಕಿನ ಮೊಳೆ, ನಮ್ಮದು ಮೆತ್ತನೆಯ ಪ್ಲೇಟು ಅಂತ. ಹೇಳಿ ಮುಗಿಸುವುದರೊಳಗೆ ಸಂಜು ಮಷೀನಿನ ಕೈಯನ್ನು ಪ್ಲೇಟಿನ ಮೇಲೆ ಇಳಿಸಿದ್ದ. ಕೊಳವೆಯಿಂದ 'ಬೂದಿ' ಹೊರಬಂತು, ಎರಡರಷ್ಟು ವೇಗದಲ್ಲಿ, ಬೆಕ್ಕು ಹಿಡಿದ ಇಲಿಯಂತೆ.

"ಲೇ, ಹಿಂಗ ಇನ್ನೂ ಚಲೋ ಐತ್ಲೇ! ನಾ ಇಷ್ಟ ಫಾಸ್ಟ್ ಬಾರಿಸಿದ್ನ್ಯಾ?"

"ಎತ್ತಲೇ ಅದನ್ನ! ಎತ್ತೋ!"

ಎತ್ತಿದಾಗ ಮೊದಲ ಹಾಡಿನ ಮೇಲೆ ನೇಗಿಲ ಸಾಲಿನಂಥ ಬಿಳಿ ಗೀರು. ಎರಡರಲ್ಲಿ ಒಂದು ಪ್ಲೇಟು ಹೋಯಿತು. ಸಂಜು ಅದನ್ನು ಸ್ಟುಡಿಯೋದ ಗೋಡೆಗೆ ತೂಗುಹಾಕುತ್ತೇನೆ ಅಂದ. ಗುರುನಾಥನಿಗೆ ಸಂಜುವನ್ನೇ ತೂಗುಹಾಕಬೇಕು ಅನ್ನಿಸಿತು. ತಪ್ಪು ಮುಚ್ಚಿಕೊಳ್ಳಲೋ ಏನೋ, ಸಂಜು ಹತ್ತಾರು ಜನರಿಗೆ ಫೋನ್ ಹಚ್ಚಿ ಕೊನೆಗೊಂದು ವಿಳಾಸ ಹಿಡಿದುಕೊಟ್ಟ. ರಾಮದುರ್ಗ, ಹಳೇ ಪೇಟೆ, ಸುಂದರವ್ವ.

ಸುಂದರವ್ವನ ಪ್ಲೇಯರ್ ಸೂಟ್‌ಕೇಸಿನಂತೆ ಮಡಚುವಂಥದ್ದು, ಸ್ಪೀಕರು ಒಳಗೇ. ಗಂಡ ತಂದದ್ದು. ಗಂಡ ಹೋದ ಮೇಲೂ ದಿನಾ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಒಂದು ಪ್ಲೇಟು ಹಾಕದೆ ಮುದುಕಿ ಚಹಾ ಕುಡಿಯುವುದಿಲ್ಲ. ಆ ಕಾರಣಕ್ಕೇ ಮುಳ್ಳು ಜೀವಂತವಾಗಿತ್ತು. ಗುರುನಾಥ ತನ್ನ ಪ್ಲೇಟು ಹಾಕಿ ತೋರಿಸಿದ. ಅರ್ಧ ಹಾಡಿಗೆ ಮುದುಕಿ ಕೈ ಎತ್ತಿದಳು.

"ಸಾಕೋ ತಮ್ಮಾ, ತಿಳೀತು. ಯಾರಿಗೋ ಭಾಳ ಹೊಟ್ಟಿ ನೋಯಾಕತ್ತೈತಿ."

"ಅದ ನಾನ ಬೇ ಯವ್ವಾ."

"ಹಂಗ್ಯಾ? ಔಷಧ ತಗೊಳ್ಳಿಲ್ಲೇನು?" ಎಂದು ನಕ್ಕಳು. "ರವಿವಾರ ಮುಂಜಾನಿ ನಂದು ಮುಗದಿಂದ ಒಯ್ಯಿ. ಹೊತ್ತ ಮುಳಗೂದ್ರಾಗ ಇಲ್ಲಿರಬೇಕು ಮತ್ತ. ಸೋಮವಾರ ನನ್ನ ಚಹಾ ತಪ್ಪಬಾರದು."

ರವಿವಾರ ಮಧ್ಯಾಹ್ನ ದೊಡವಾಡದ ಮನೆಯ ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ಶಂಕರೆಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿ, ಇಸ್ತ್ರಿಯ ಧೋತರ ಉಟ್ಟಿದ್ದ. ಮೇಳದ ಮುದುಕರು ಸಾಲಾಗಿ ಕೂತಿದ್ದರು. ಪ್ಲೇಯರಿನ ಮುಂದೆ ಯಾರೋ ಊದಿನಕಡ್ಡಿ ಹಚ್ಚಿದ್ದು ನೋಡಿ ಗುರುನಾಥನಿಗೆ ಅಳು ಬರುವುದೊಂದು ಬಾಕಿ. ಅಪ್ಪ ಪ್ಲೇಟನ್ನು ಅಂಗೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. "ತೂಕ ಐತಿ," ಅಂದ. ಅಷ್ಟೇ. ಗುರುನಾಥ ಮುಳ್ಳು ಇಳಿಸಿದ.

ಮೊದಲ ಹಾಡಿಗೆ ಕೊನೆಯಲ್ಲಿ ಕೂತಿದ್ದ ಸೋಮಪ್ಪಜ್ಜ ಕಿವಿಯ ಮಷೀನು ತೆಗೆದು ಕಿಸೆಯಲ್ಲಿಟ್ಟ. ಎರಡನೆಯದಕ್ಕೆ ಒಬ್ಬ, "ಯಾರಿಗಿ ಬೈಯಾಕತ್ತಾನ್ರೀ ಇಂವ?" ಅಂದ. ಶಂಕರೆಪ್ಪ ಸುಮ್ಮನಿರು ಎಂದು ಕೈ ಮಾಡಿದ. ಅವನ ಕಣ್ಣು ಮುಚ್ಚಿತ್ತು. ಗುರುನಾಥ ನೋಡುತ್ತಿದ್ದದ್ದು ಮಾತ್ರ ಅಪ್ಪನ ಬಲಗೈಯನ್ನು. ಮೂರನೆಯ ಹಾಡಿನಲ್ಲಿ ಅದು ಮೊಣಕಾಲಿನ ಮೇಲೆ ತಾಳ ಹುಡುಕುತ್ತಿತ್ತು. ಸಿಗಲಿಲ್ಲ. ಮತ್ತೆ ಹುಡುಕಿತು. ನಾಲ್ಕನೆಯದರಲ್ಲಿ ಸಿಕ್ಕಿತು! ಎರಡು ಬೆರಳು ಟಕಟಕ ಓಡತೊಡಗಿದವು, ಸಂಜುವಿನ ಡ್ರಮ್ಮಿನ ಜೊತೆಗೇ, ಒಂದು ಕೂದಲೂ ಹಿಂದೆ ಬೀಳದೆ. ಇನ್ನು ಬರುವುದು 'ಬೀಗ'. ಅದು ಅಪ್ಪನಿಗೆಂದೇ ಬರೆದ ಹಾಡು, ಹೆಸರು ಹೇಳದೆ. ಅದನ್ನು ಈ ಮನುಷ್ಯ ಒಮ್ಮೆ ಕೇಳಿದರೆ ಸಾಕು.

ಬಂದದ್ದು ಬೀಗವಲ್ಲ. ದಮ್ಮಡಿ. ತಾಳ. ದೂರದ ಗುಂಯ್.

*ಒಡೆದ ಗಡಿಗೀಗೂ ಮಂಗಳ...*

ಇದ್ಯಾಕೆ ಇಲ್ಲಿ ಬಂತು ಎಂದು ಗುರುನಾಥ ಬಾಯಿ ತೆರೆಯುವುದರೊಳಗೆ ಶಂಕರೆಪ್ಪ ಎದ್ದು ನಿಂತಿದ್ದ. ಕೈ ಮುಗಿದಿದ್ದ. ಅವನ ಹಿಂದೆ ಮೇಳವೆಲ್ಲ ಎದ್ದಿತು. ಸೋಮಪ್ಪಜ್ಜ ಕೂಡ ಕಿವಿಗೆ ಮಷೀನು ಸಿಕ್ಕಿಸಿಕೊಂಡು ಕೈ ಮುಗಿದ. ಇಡೀ ಮಂಗಳ ನಿಂತು ಕೇಳಿದರು. ಮುಗಿದ ಮೇಲೆ ನೆಲ ಮುಟ್ಟಿ ನಮಸ್ಕಾರ ಮಾಡಿದರು. ಶಂಕರೆಪ್ಪ ಎಲ್ಲರ ಕೈಗೂ ಸಕ್ಕರೆ ಹಾಕಿದ. ಮುದುಕರು ಒಬ್ಬೊಬ್ಬರೇ ಚಪ್ಪಲಿ ಮೆಟ್ಟತೊಡಗಿದರು.

"ಯಪ್ಪಾ! ಎಲ್ಲಿ ಹೊಂಟ್ರಿ? ಇನ್ನೂ ಮುಗದಿಲ್ರಿ! ಇನ್ನೊಂದ ಬದಿ ಐತಿ!"

ಶಂಕರೆಪ್ಪ ಮಗನ ಮುಖ ನೋಡಿದ. "ಮಂಗಳ ಆತಲ್ಲೋ."

"ಅದ ತಪ್ಪಿ ಇಲ್ಲಿ ಬಂದೈತಿ. ಕುಂದರ್ರಿ, ತಿರುವಿ ಹಾಕತೇನಿ."

"ಮಂಗಳ ಆದಿಂದ ಹಾಡತಾರೇನೋ? ಯಾರ ಮನ್ಯಾಗ ಕಲತಿ? ಉಂಡ ಎಲಿ ಎತ್ತಿಂದ ಮತ್ತ ಅನ್ನ ನೀಡತಾರೇನು?"

"ಪ್ಲೇಟಿಗೆ ಎರಡ ಬದಿ ಇರತಾವ ಯಪ್ಪಾ!"

"ಇರಲಿ ಬಿಡು. ಇವತ್ತಿಂದು ಮುಗೀತು." ಅಂದವನೇ ಹಿತ್ತಲಿಗೆ ನಡೆದ, ಎತ್ತಿಗೆ ಮೇವು ಹಾಕಲು.

ಗುರುನಾಥ ತಾನು ತಂದಿದ್ದ ಅಂಗಡಿಯ ಗಾಡಿ ಟಾಟಾ ಏಸಿನ ಮರೆಗೆ ಹೋಗಿ ಆಕಾಶನಿಗೆ ಫೋನ್ ಹಚ್ಚಿದ.

"ಏ ಮಂಗಳ ಯಾಕ ನಡುವ ಹಾಕೀಯೋ?"

"ಅಣ್ಣಾ, ಎರಡೂ ಬದಿ ಸಮ ಆಗಬೇಕಲ್ರಿ. ಮತ್ತ ಬದಿ ಮುಗಿಯೂವಲ್ಲೆ ಪ್ಲೇಟಿನ ಗೆರಿ ಇಕ್ಕಟ್ಟ ಇರತಾವು, ನಿಧಾನದ ಹಾಡ ಇದ್ರ ದನಿ ಒಡಿಯೂದಿಲ್ಲ. ನಿಮಗ ವಾಟ್ಸಾಪ್‌ನ್ಯಾಗ ಕೇಳಿದ್ನೆಲ್ಲಾ. ನೀವು ಹೆಬ್ಬೆಟ್ಟು ಕಳಿಸಿದ್ರಿ."

ಕಳಿಸಿದ್ದ, ಹೌದು. ಯಾವುದೋ ಮದುವೆಯಲ್ಲಿ ಜನರೇಟರ್ ಬಂದ್ ಬಿದ್ದು ವರನ ಕಡೆಯವರು ಕೊರಳಪಟ್ಟಿ ಹಿಡಿದಿದ್ದಾಗ, ಓದದೆ, ಒಂದು ಹೆಬ್ಬೆಟ್ಟು.

"ಮಂಗಳ ಆದಿಂದ ಮಂದಿ ಎದ್ದ ಹೊಕ್ಕಾರೋ!"

"ಯಾವ ಮಂದಿರಿ? ಬರ್ಲಿನ್‌ನಾಗ ಪ್ಲೇಟ್ ಕೊಳ್ಳಾವ್ರು ಯಾರೂ ಎದ್ದ ಹೋಗೂದಿಲ್ರಿ."

"ಬರ್ಲಿನ್ ಅಲ್ಲಲೇ, ದೊಡವಾಡ! ದೊಡವಾಡದಾಗ ಹೊಂಟ್ರು!"

"ಅಣ್ಣಾ, ಬದಲಿ ಮಾಡಿದ್ರ ಮತ್ತ ಸುರುಲಿಂದ ಕೆತ್ತಬೇಕು. ಕಾರ್ಖಾನಿ ಪಾಳಿ ಮುಂದಿನ ವರ್ಷಕ್ಕ ಹೋಗತೈತಿ. ನಾಳಿ ಸಂಜೀಗೆ ಹೇಳ್ರಿ. ವಿಚಾರ ಮಾಡಿ ಹೇಳ್ರಿ."

ಮುಂದಿನ ವರ್ಷ. ಅಪ್ಪನಿಗೆ ಎಪ್ಪತ್ತೆಂಟು ದಾಟಿತ್ತು. ಗುರುನಾಥ ಫೋನನ್ನು ಗಾಡಿಯ ಸೀಟಿಗೆ ಬಡಿದ. ಪ್ಲೇಯರ್ ಮಡಚಿ ಹಗ್ಗ ಬಿಗಿದ. ಹೊತ್ತು ಮುಳುಗುವುದರೊಳಗೆ ರಾಮದುರ್ಗ ಮುಟ್ಟಬೇಕು. ನಾಳೆ ಇಷ್ಟು ಮಂದಿಯೂ ಇಲ್ಲ, ಮಷೀನೂ ಇಲ್ಲ. ಇಷ್ಟು ವರ್ಷ ಕಾದು, ಇಷ್ಟೂರು ತಿರುಗಿ, ಅರ್ಧ! ಅದೂ 'ಬೀಗ' ಇಲ್ಲದ ಅರ್ಧ!

ಗಾಡಿ ಚಾಲೂ ಮಾಡುವಾಗ ಶಂಕರೆಪ್ಪ ಕೈಗೆ ಹತ್ತಿದ ಹೊಟ್ಟು ಝಾಡಿಸುತ್ತ ಬಂದ.

"ಎಲ್ಲಿ ಒಯ್ಯಾಕತ್ತಿ ಅದನ್ನ?"

"ಯಾರದ್ದೈತಿ ಅವರಿಗೆ. ರಾಮದುರ್ಗಕ್ಕ."

"ಮತ್ತ ಇನ್ನೊಂದ ಬದಿ?"

"ನೀನ ಮುಗೀತು ಅಂದ್ಯಲ್ಲಾ!"

"ಇವತ್ತಿಂದು ಮುಗೀತು ಅಂದೆ. ನಾಳಿಂದು ನಾಳಿ. ಮುಂಜಾನಿ ಜಳಕಾ ಮಾಡಿ ಮೊದಲ್ನೇ ಬಸ್ಸಿಗೆ ಬರತೇನಿ. ಸವದತ್ತಿ ಸ್ಟ್ಯಾಂಡಿನ್ಯಾಗ ನಿಂದ್ರು."

ಬಂದ. ಅದೇ ಇಸ್ತ್ರಿಯ ಧೋತರ, ಹೊಸದಾಗಿ ಹಚ್ಚಿದ ವಿಭೂತಿ, ಸಂಗಡ ಒಂದು ತೆಂಗಿನಕಾಯಿ. ಇಬ್ಬರೂ ಗಾಡಿಯಲ್ಲಿ ರಾಮದುರ್ಗ ಮುಟ್ಟಿದಾಗ ಸುಂದರವ್ವನ ಪೂಜೆ, ಚಹಾ ಎಲ್ಲ ಮುಗಿದಿತ್ತು. ಬಂದದ್ದಕ್ಕೆ ಬೇಸರಿಸದೆ ಮುದುಕಿ ಜಮಖಾನೆ ಹಾಸಿದಳು. ಶಂಕರೆಪ್ಪ ಕಾಯಿ ಒಡೆದು, ಗುರುವನ್ನು ನೆನೆದು ತಾನೇ ಎರಡು ಸಾಲು ಸ್ತುತಿ ಹೇಳಿ, "ಹೂಂ, ಹಚ್ಚು," ಅಂದ.

ಎರಡನೆಯ ಬದಿ ತಿರುಗಿತು. ಬೆರಳು ಈ ಸಲ ಹುಡುಕಲಿಲ್ಲ, ಮೊದಲ ಪೆಟ್ಟಿಗೇ ಕೂತಿತು. ಸುಂದರವ್ವ ಅಡಿಗೆಮನೆಯಿಂದ, "ಇವತ್ತೂ ಹೊಟ್ಟಿ ನೋವೈತೇನೋ?" ಅಂದದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. 'ಬೀಗ' ಬಂದದ್ದು ಎಲ್ಲಕ್ಕಿಂತ ಕೊನೆಗೆ. ಕೂಗಿ ಕೂಗಿ, ಬಾಗಿಲು ಬಡಿದು ಬಡಿದು, ಧಡ್ ಎಂದು ನಿಂತುಬಿಟ್ಟಿತು. ಅಪ್ಪನ ಬೆರಳು ಗಾಳಿಯಲ್ಲಿ ಉಳಿಯಿತು. ಮುಳ್ಳು ಖಾಲಿ ಗೆರೆಯಲ್ಲಿ ಟಿಕ್, ಟಿಕ್ ಅನ್ನುತ್ತಿತ್ತು.

ಗುರುನಾಥ ಕಾದ. ಅಪ್ಪ ಏನಾದರೂ ಅನ್ನುತ್ತಾನೆ. ಚಲೋ ಅನ್ನಬಹುದು, ಹೊಲಸು ಅನ್ನಬಹುದು. ಅಪ್ಪ ಕಣ್ಣು ಮುಚ್ಚಿ ಹಾಗೇ ಕೂತಿದ್ದ. ಗುರುನಾಥ ಮುಳ್ಳು ಎತ್ತಿಟ್ಟ. ಅಪ್ಪ ಏಳಲಿಲ್ಲ. ಸುಂದರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಂದು ನೋಡಿದಳು.

"ಯಪ್ಪಾ, ಮುಗೀತು. ಏಳು."

"ಹ್ಯಾಂಗ ಏಳಲಿ? ಮಂಗಳ ಎಲ್ಲೈತಿ?"

"ಅದು ಆ ಬದಿಗೆ ಹೋಗೈತಿ. ನಿನ್ನಿ ಕೇಳಿದ್ಯಲ್ಲಾ."

"ನಿನ್ನಿದು ನಿನ್ನಿಗಾತು. ಇವತ್ತು ಭಜನಿ ಎಬ್ಬಿಸಿ ಮಂಗಳಾ ಇಲ್ಲದ ಹೋಗಂತೀಯೇನು?"

"ಪ್ಲೇಟ್ ತಿರುವಿ ಅದೊಂದ ಹಾಕಲ್ಯಾ?"

"ಪ್ಲೇಟ್ ಸಾಕು. ಹಾಡು."

"ನಾ?"

"ಹಾಡಿದಂವ ನೀನ ಹೌದಲ್ಲೋ? ಹಾಡು."

ಕಿಸೆಯಲ್ಲಿ ಫೋನು ನಡುಗತೊಡಗಿತು. ಆಕಾಶ. ಗುರುನಾಥನಿಗೆ ಸಿಟ್ಟು ನೆತ್ತಿಗೇರಿತು. ಆಕಾಶನ ಮೇಲೆ, ಸಂಜುವಿನ ಮೇಲೆ, ಶ್ಯಾವಿಗೆಯ ಮೇಲೆ, ಎದುರಿಗೆ ಕಲ್ಲಿನಂತೆ ಕೂತ ಈ ಮುದುಕನ ಮೇಲೆ. ಆ ಸಿಟ್ಟಿನಲ್ಲೇ ಬಾಯಿ ತೆರೆದ. ಗಂಟಲು ಎಂದೋ ಹೋಗಿತ್ತು. ಹರಕು ಚೀಲದಿಂದ ಕಾಳು ಸುರಿದಂತೆ ದನಿ ಬಂತು. ಒಡೆದ ಗಡಿಗೆಗೂ ಮಂಗಳ ಅಂದ, ಒದ್ದ ಕಾಲಿಗೂ ಮಂಗಳ ಅಂದ. ಮೂರನೆಯ ಸಾಲು ಮರೆತೇ ಹೋಗಿತ್ತು. ನಿಂತ. ಆಗ ಎದುರಿನಿಂದ ಆ ಸಾಲು ಬಂತು, ಅಪ್ಪನ ದನಿಯಲ್ಲಿ, ಒಮ್ಮೆ ಮಾತ್ರ ಕೇಳಿದ ಸಾಲು, ಒಂದಕ್ಷರ ತಪ್ಪದೆ. ಗುರುನಾಥ ಅದನ್ನು ಹಿಡಿದು ಮುಂದೆ ಹೋದ.

ಮುಗಿದ ಮೇಲೆ ಶಂಕರೆಪ್ಪ ನೆಲಕ್ಕೆ ಕೈಯೂರಿ ಎದ್ದ, ಕೈ ಮುಗಿದ. ಕಾಯಿಯ ಹೋಳು ಸುಂದರವ್ವನಿಗೊಂದು ಕೊಟ್ಟು ಮಗನಿಗೊಂದು ಕೊಟ್ಟ.

"ಶ್ರುತಿ ಮ್ಯಾಲ ಹಿಡದಿ," ಅಂದ. "ಎತ್ತರದ ಶ್ರುತಿ ಹಿಡದ್ರ ಮಂಗಳ ಮುಟ್ಟೂದಿಲ್ಲ. ಗಂಟಲಾ ಹಾಳ ಮಾಡಕೊಂಡಿ ಚೀರಿ ಚೀರಿ."

ಫೋನು ಮತ್ತೆ ನಡುಗಿತು. ಗುರುನಾಥ ಅಂಗಳಕ್ಕೆ ಬಂದು ಎತ್ತಿಕೊಂಡ.

"ಅಣ್ಣಾ, ಓಕೆ ಅನ್ಲ್ಯಾ?"

"ಬ್ಯಾಡ. ಮಂಗಳ ಕಡೀಗೆ ಹಾಕು."

"ಅಣ್ಣಾ, ಮುಂದಿನ ವರ್ಷ ಆಗತೈತ್ರಿ. ಜರಾ ವಿಚಾರ ಮಾಡ್ರಿ."

"ಆಗ್ಲಿ."

"ನಿಮ್ಮ ತಂದಿಯವ್ರು ಕೇಳಿದ್ರಲ್ರಿ ಈಗ? ಇನ್ಯಾರ ಸಂಬಂಧ ತಡಾ ಮಾಡೂದು?"

"ಕಡೀಗೆ ಹಾಕು ಅಂದೆ," ಅಂದ ಗುರುನಾಥ. ಆಕಾಶ ಮರಾಠಿಯಲ್ಲಿ ಏನೋ ಗೊಣಗಿ ಫೋನ್ ಇಟ್ಟ. ಇನ್ನು ಸಂಘಮಿತ್ರಾಗೆ ಹೇಳಬೇಕು, ಅವಳು ನಗುತ್ತಾಳೆ. ಸಂಜುಗೆ ಹೇಳಬೇಕು, ಅವನು ಬೈಯುತ್ತಾನೆ. ಇಡೀ ಒಂದು ವರ್ಷ ಎಲ್ಲರೂ ಕೇಳುತ್ತಾರೆ, ಏನಾತಪಾ ನಿನ್ನ ಪ್ಲೇಟು ಅಂತ.

ಟಾಟಾ ಏಸಿನೊಳಗಿಂದ ಹಾರ್ನ್ ಬಡಿಯಿತು. ಶಂಕರೆಪ್ಪ ಆಗಲೇ ಹತ್ತಿ ಕೂತು ಕಿಟಕಿಯಿಂದ ಕೂಗುತ್ತಿದ್ದ:

"ಬಾರೋ, ಎಷ್ಟೊತ್ತ ನಿಂದರತಿ? ದಾರ್‍ಯಾಗ ನಿನಗ ಶ್ರುತಿ ಹಿಡಿಯೂದ ಹೇಳಿ ಕೊಡತೇನಿ!"